ಬೋರ್ಡಿಗೆ ದುಡ್ಡಿದೆ, ಸಂಬಳಕ್ಕಿಲ್ಲ



ಯಾವುದೋ ಕಂಪನಿಯ ಫೌಂಡೇಶನ್ನಿನವರು ಊರಿಗೆ ಬರ್ತಾರೆ ಅಂದ ಕೂಡಲೇ ನಮ್ಮಲ್ಲಿ ಏನೇನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಶಾಲೆಗೆ ಸುಣ್ಣ ಬಳಿಸುತ್ತೇವೆ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತೇವೆ, ಶಾಲು ಹಾರ ತರಿಸುತ್ತೇವೆ. ಬಂದವರು ಹತ್ತು ಕಂಪ್ಯೂಟರ್ ಕೊಟ್ಟು, ಗೋಡೆಗೆ ಹೆಸರಿನ ಕಲ್ಲು ಹಾಕಿಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕಂಪ್ಯೂಟರ್ ಕಲಿಸುವ ಮೇಷ್ಟ್ರು ಯಾರು? ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಕೆಟ್ಟರೆ ರಿಪೇರಿ ಯಾರದು? ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಎರಡನೇ ವರ್ಷಕ್ಕೆ ಕೋಣೆಗೆ ಬೀಗ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ಹಿರಿಯರು ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಅವರ ಮಾತು ಮೀರಿ ಅಂತ ನಾವು ಹೇಳುತ್ತೇವೆ. ಹಲ್ಲು ಎಣಿಸಿ.

ಎಣಿಸದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಆಫ್ರಿಕಾದಲ್ಲಿ ನಡೆದ ಒಂದು ದೊಡ್ಡ ಉದಾಹರಣೆ ಇದೆ. ದಕ್ಷಿಣ ಆಫ್ರಿಕಾದಲ್ಲಿ 'ಪ್ಲೇಪಂಪ್' ಅಂತ ಒಂದು ಯಂತ್ರ ಬಂತು. ಪಾರ್ಕುಗಳಲ್ಲಿ ಮಕ್ಕಳು ತಳ್ಳಿಕೊಂಡು ಸುತ್ತುವ ಚಕ್ರ ಇರುತ್ತಲ್ಲ, ಅಂಥದ್ದು. ಮಕ್ಕಳು ಆಡುತ್ತಿದ್ದರೆ ಬೋರ್‌ವೆಲ್ ನೀರು ಮೇಲಿನ ಟ್ಯಾಂಕಿಗೆ ಏರುತ್ತೆ. ಟ್ಯಾಂಕಿನ ಸುತ್ತ ಜಾಹೀರಾತು ಫಲಕ, ಅದರ ಬಾಡಿಗೆಯಲ್ಲೇ ಪಂಪಿನ ನಿರ್ವಹಣೆ. ಕೇಳೋಕೆ ಎಷ್ಟು ಚಂದ! ವಿಶ್ವಬ್ಯಾಂಕ್ 2000ರಲ್ಲಿ ಪ್ರಶಸ್ತಿ ಕೊಟ್ಟಿತು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ 1.64 ಕೋಟಿ ಡಾಲರ್ ನೆರವು ಘೋಷಿಸಿದರು. ಹಣ ಹಾಕಿದವರಲ್ಲಿ ಸರ್ಕಾರವೂ ಇತ್ತು, ಕೇಸ್ ಫೌಂಡೇಶನ್ ಅನ್ನೋ ದತ್ತಿ ಸಂಸ್ಥೆಯೂ ಇತ್ತು. 2010ರೊಳಗೆ 10 ದೇಶಗಳಲ್ಲಿ 4,000 ಪಂಪ್ ಹಾಕುವುದು ಗುರಿ.

ಮಕ್ಕಳು ಶಾಲೆಗೆ ಹೋದ ಮೇಲೆ ಪಂಪ್ ಯಾರು ತಿರುಗಿಸಬೇಕು? ಹೆಂಗಸರು. ಬೆನ್ನಿಗೆ ಕೂಸು ಕಟ್ಟಿಕೊಂಡವರು, ವಯಸ್ಸಾದವರು ಬಗ್ಗಿ ಬಗ್ಗಿ ಆ ಚಕ್ರ ತಳ್ಳಬೇಕಾಯಿತು. ಒಂದು ಪಂಪಿನ ಬೆಲೆ ಸುಮಾರು 14,000 ಡಾಲರ್, ಅಂದರೆ ಸಾಧಾರಣ ಕೈಪಂಪಿನ ನಾಲ್ಕು ಪಟ್ಟು. ಒಂದು ಪಂಪು 2,500 ಜನರಿಗೆ ಸಾಕು ಅಂದಿದ್ದರು. ಅಷ್ಟು ಜನರಿಗೆ ಕನಿಷ್ಠ ನೀರು ಬೇಕಾದರೂ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತೆ ಅಂತ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿತು. ದಿನಕ್ಕಿರೋದು 24! ಕೆಟ್ಟ ಪಂಪು ಊರಿನವರ ಕೈಯಲ್ಲಿ ರಿಪೇರಿ ಆಗುತ್ತಿರಲಿಲ್ಲ, ತಿಂಗಳುಗಟ್ಟಲೆ ನಿಂತೇ ಇರುತ್ತಿತ್ತು. ಹಳ್ಳಿಯ ಟ್ಯಾಂಕಿನ ಮೇಲೆ ಜಾಹೀರಾತು ಕೊಡೋರು ಯಾರು? ಎಷ್ಟೋ ಫಲಕಗಳು ಖಾಲಿ ಉಳಿದವು. ಇನ್ನೂ ಬೇಸರದ ಸಂಗತಿ ಅಂದ್ರೆ, ಕೆಲವು ಕಡೆ ಮೊದಲಿದ್ದ ಕೈಪಂಪನ್ನೇ ಕಿತ್ತು ಇದನ್ನು ಕೂರಿಸಿದ್ದರು.

2007ರಲ್ಲಿ ಯುನಿಸೆಫ್ ಪರಿಶೀಲನೆ ಮಾಡಿದಾಗ ಬಂದ ದೂರುಗಳಲ್ಲಿ ಒಂದು: ಪಂಪ್ ಹಾಕುವ ಮೊದಲು ಎಷ್ಟೋ ಊರುಗಳಲ್ಲಿ ಜನರನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ನೀರು ಹೊರುವ ಹೆಂಗಸರ ಹತ್ತಿರ ಅರ್ಧ ಗಂಟೆ ಕೂತಿದ್ದರೆ ಸಾಕಿತ್ತು. ಹಣ ಕೊಟ್ಟವರು ಕಳ್ಳರೇನಲ್ಲ, ಒಳ್ಳೆಯ ಮನಸ್ಸಿನವರೇ. ಕೇಸ್ ಫೌಂಡೇಶನ್ 2010ರಲ್ಲಿ 'ಅಂದುಕೊಂಡಂತೆ ಆಗಲಿಲ್ಲ' ಅಂತ ಬಹಿರಂಗವಾಗಿಯೇ ಒಪ್ಪಿಕೊಂಡಿತು. ಕೊಡುವವರಲ್ಲಿ ಈ ಗುಣ ಬಹಳ ಅಪರೂಪ. ವಾರ್ಷಿಕ ವರದಿಯಲ್ಲಿ ನಗುವ ಮಕ್ಕಳ ಫೋಟೋ ಬಿಟ್ಟು 'ಈ ಯೋಜನೆ ಸೋತಿತು' ಅನ್ನೋ ಒಂದು ಸಾಲನ್ನು ನೀವು ಎಷ್ಟು ಕಡೆ ಓದಿದ್ದೀರಿ?

ಈಗ ನಮ್ಮ ದೇಶದ ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಇದೇ ಸಿಎಸ್‌ಆರ್. ಈಚಿನ ವರ್ಷಗಳಲ್ಲಿ ಇದು ದೇಶದಾದ್ಯಂತ ವರ್ಷಕ್ಕೆ 25,000 ಕೋಟಿ ರೂಪಾಯಿ ದಾಟಿದೆ. ಕಂಪನಿ ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅಂತಲೂ ಕಾಯ್ದೆಯೇ ಹೇಳುತ್ತೆ. ಹೊಸೂರಿನ ಹುಡುಗರೇ, ನಿಮ್ಮ ಊರಿನ ಸುತ್ತ ಎಷ್ಟು ಕಾರ್ಖಾನೆ ಇವೆ ಅಂತ ನಾವು ಹೇಳಬೇಕಾಗಿಲ್ಲ.

'ಕಟ್ಟಡ ಕೊಡ್ತೀವಿ, ಸಂಬಳ ಕೊಡಲ್ಲ. ಆಡಳಿತ ವೆಚ್ಚ ಶೇ. 5 ದಾಟಬಾರದು ಅಂತ ರೂಲ್ಸು' ಅನ್ನೋ ಉತ್ತರ ನಮ್ಮಲ್ಲಿ ಅನೇಕರು ಕೇಳಿದ್ದೀರಿ. ಆ ನಿಯಮ ಇರೋದು ನಿಜ. ಆದರೆ ಆ ಶೇ. 5 ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸುವ ಸಾಮಾನ್ಯ ಖರ್ಚಿಗೆ ಹಾಕಿದ ಮಿತಿ. ಯೋಜನೆಯನ್ನು ರೂಪಿಸುವ, ನಡೆಸುವ, ಮೇಲ್ವಿಚಾರಣೆ ಮಾಡುವ ನೇರ ಖರ್ಚು ಅದರೊಳಗೆ ಬರುವುದಿಲ್ಲ ಅಂತ ನಿಯಮವೇ ಹೇಳುತ್ತೆ. ಶಿಕ್ಷಣ ಯೋಜನೆಯಲ್ಲಿ ಮೇಷ್ಟ್ರ ಸಂಬಳ, ತರಬೇತಿ ಎಲ್ಲ ಯೋಜನೆಯ ವೆಚ್ಚವೇ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಸಂಬಳ ಕೊಡದಿರುವುದು ಕಾನೂನಿನ ತೊಡಕಲ್ಲ. ಸಂಬಳಕ್ಕೆ ಕಲ್ಲು ಕೆತ್ತಿಸೋಕೆ ಆಗಲ್ಲ, ಅಷ್ಟೇ.

ಹಣ ಪಡೆಯುವ ಸಂಸ್ಥೆಗಳೂ ಈ ಆಟಕ್ಕೆ ತಲೆಬಾಗಿವೆ. ನಿಜವಾಗಿ 12 ಲಕ್ಷ ಬೇಕಾಗುವ ಕೆಲಸಕ್ಕೆ 8 ಲಕ್ಷ ಬರೆದು, ಮಿಕ್ಕಿದ್ದನ್ನು ಕಾರ್ಯಕರ್ತರ ಅರೆಸಂಬಳದಲ್ಲಿ ಸರಿದೂಗಿಸುತ್ತವೆ. ಹೀಗೆ ಬರೆದರೆ ಕೊಡುವವರಿಗೆ ಸುಳ್ಳು ಲೆಕ್ಕ ಹೋಗುತ್ತೆ, ಮುಂದಿನ ವರ್ಷ ಅದೇ ಸುಳ್ಳು ದರವಾಗುತ್ತೆ. ಎಷ್ಟು ಬೇಕೋ ಅಷ್ಟನ್ನೇ ಬರೆಯಿರಿ. ಕೊಡದಿದ್ದರೆ ಬೇಡ.

ಗಡಿ ತಾಲೂಕುಗಳಿಗೆ ಇನ್ನೊಂದು ತೊಡಕಿದೆ. ಕಂಪನಿಗಳು ತಮ್ಮ ವರದಿಯಲ್ಲಿ ಯೋಜನೆ ನಡೆದ ಜಾಗ ಅಂತ ರಾಜ್ಯ ಮತ್ತು ಜಿಲ್ಲೆಯ ಹೆಸರು ಬರೆದರೆ ಮುಗಿಯಿತು. ಜತ್ತಕ್ಕೆ ಏನು ಬಂತು ಅಂತ ಹುಡುಕಿದರೆ ಸಾಂಗ್ಲಿ ಅಂತಿರುತ್ತೆ, ಅಕ್ಕಲಕೋಟೆಗೆ ಸೊಲ್ಲಾಪುರ, ತಾಳವಾಡಿಗೆ ಈರೋಡು. ಜಿಲ್ಲಾ ಕೇಂದ್ರದ ಪಕ್ಕದ ಶಾಲೆಗೆ ಹೋದ ದುಡ್ಡೂ, ನೂರು ಕಿಲೋಮೀಟರ್ ದೂರದ ನಮ್ಮ ಊರಿಗೆ ಬಾರದ ದುಡ್ಡೂ ಒಂದೇ ಸಾಲಿನಲ್ಲಿ.

ಬೇಕು ಬೇಡ ಕೇಳೋಕೆ ಸರ್ವೆಯವರು ಬಂದರೂ ಯಾವ ಭಾಷೆಯಲ್ಲಿ ಕೇಳುತ್ತಾರೆ? ಜತ್ತದ ಪೂರ್ವ ಭಾಗದ ಹಳ್ಳಿಯ ತಾಯಿಯೊಬ್ಬಳಿಗೆ ಮರಾಠಿ ಅಥವಾ ಇಂಗ್ಲಿಷ್ ಫಾರ್ಮು ಹಿಡಿದರೆ ಆಕೆ ತಲೆಯಾಡಿಸುತ್ತಾಳೆ, ಉತ್ತರ ಬರೆಯುವವರು ಬೇರೆಯವರು. ನೀರು ತರಲು ಎಷ್ಟು ದೂರ ನಡೆಯುತ್ತೀರಿ ಅಂತ ಕನ್ನಡದಲ್ಲಿ ಕೇಳಿ ನೋಡಿ, ದಾರಿಯಲ್ಲಿರುವ ಒಂದೊಂದು ಮನೆಯನ್ನೂ ಹೇಳುತ್ತಾಳೆ. ಇದು ಅಭಿಮಾನದ ಪ್ರಶ್ನೆಗಿಂತ ಮೊದಲು ಹಣ ಪೋಲಾಗದಂತೆ ನೋಡಿಕೊಳ್ಳುವ ಪ್ರಶ್ನೆ. ಸರ್ವೆಗೆ ಜೊತೆಗೆ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸವನ್ನು ನಿಮ್ಮಲ್ಲಿ ಯಾರಾದರೂ ಮಾಡಬಹುದು.

ಅದಕ್ಕಿಂತ ಮೊದಲು ಕೂತಲ್ಲೇ ಮಾಡುವ ಕೆಲಸವೂ ಇದೆ. ಸಿಎಸ್‌ಆರ್ ಸಮಿತಿಯಲ್ಲಿ ಯಾರಿದ್ದಾರೆ, ನೀತಿ ಏನು, ಯಾವ ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿದೆ ಅನ್ನೋದನ್ನು ವೆಬ್‌ಸೈಟ್ ಇರುವ ಕಂಪನಿಗಳು ಅದರಲ್ಲಿ ಹಾಕಲೇಬೇಕು. ನಿಮ್ಮ ತಾಲೂಕಿನ ಹತ್ತಿರ ಕಾರ್ಖಾನೆ ಇರುವ ಒಂದು ಕಂಪನಿ ಆರಿಸಿಕೊಳ್ಳಿ. ಮೂರು ವರ್ಷದ ವರದಿ ಓದಿ. ನಿಮ್ಮ ಜಿಲ್ಲೆಯ ಹೆಸರಿರುವ ಸಾಲುಗಳನ್ನು ಗುರುತು ಮಾಡಿ, ಆ ಊರಿಗೆ ಬೈಕಲ್ಲಿ ಹೋಗಿ ನೋಡಿ ಬನ್ನಿ. ಕೊಟ್ಟದ್ದು ಈಗಲೂ ನಡೆಯುತ್ತಿದೆಯಾ ಅಂತ ಕೇಳಿ. ನಡೆಯುತ್ತಿದ್ದರೆ ಅದನ್ನೂ ಬರೆಯಿರಿ, ಚೆನ್ನಾಗಿ ಕೊಟ್ಟವರಿಗೆ ಹೊಗಳಿಕೆ ಸಲ್ಲಬೇಕು.

ನಿಮ್ಮ ಯುವಕ ಸಂಘಕ್ಕೆ ನೇರವಾಗಿ ಹಣ ಬರುವುದು ಕಷ್ಟ. ಅದಕ್ಕೆ 12ಎ, 80ಜಿ ನೋಂದಣಿ, ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವ, ಸಿಎಸ್‌ಆರ್-1 ಸಂಖ್ಯೆ ಎಲ್ಲ ಬೇಕು. ಇವು ಇರುವ ಸಂಸ್ಥೆಯ ಜೊತೆ ಕೂತು, ಸಂಬಳ ರಿಪೇರಿ ಸಮೇತ ಲೆಕ್ಕ ಹಾಕಿಸಿ. ಮಾರ್ಚ್‌ನಲ್ಲಿ ಮಾತ್ರ ಹೋಗಬೇಡಿ. ಆಗ ಕಂಪನಿಗಳಿಗೆ ಉಳಿದ ದುಡ್ಡು ಮುಗಿಸುವ ಅವಸರ, ಸಿಗುವುದು ಮತ್ತೆ ಬ್ಯಾಗು, ಬೆಂಚು, ಬೋರ್ಡು. ವರ್ಷದ ಕ್ರಿಯಾ ಯೋಜನೆಯನ್ನು ಸಮಿತಿ ಸಿದ್ಧ ಮಾಡಿ ಆಡಳಿತ ಮಂಡಳಿಗೆ ಕೊಡಬೇಕು, ಅದಕ್ಕೂ ಮೊದಲೇ ನಿಮ್ಮ ಕಾಗದ ಅವರ ಮೇಜಿನ ಮೇಲಿರಲಿ.