ಜಪಾನಿ ಕಲಿಯಲು ಕನ್ನಡ ಸಾಲದೆ?

ಮನೆಯಲ್ಲೇ ಕುಳಿತು ಜಪಾನಿ ಭಾಷೆ ಕಲಿತು, ಅದರ ಪ್ರಾವೀಣ್ಯ ಪರೀಕ್ಷೆಗೆ ಕಟ್ಟುವ ತರುಣರು ಇಂದು ನಮ್ಮ ದೇಶದಲ್ಲಿ ಅಪರೂಪವಲ್ಲ. ಉದ್ಯೋಗವೇ ಇದರ ಮುಖ್ಯ ಆಕರ್ಷಣೆ. ಕುಶಲ ಕೆಲಸಗಾರರಿಗಾಗಿ 2019ರಲ್ಲಿ ಜಪಾನ್ ಸರಕಾರವು ಏರ್ಪಡಿಸಿದ ವೀಸಾಕ್ಕೆ ಈ ಪರೀಕ್ಷೆಯ ಎನ್-4 ದರ್ಜೆಯೂ ಒಂದು ಅರ್ಹತೆ. ಆದರೆ, ‘ಇಂಗ್ಲಿಷೇ ಸರಿಯಾಗಿ ಬಾರದ ನಮಗೆ ಇದು ಹೇಳಿದ್ದಲ್ಲ’ ಎಂದು ಕನ್ನಡ ಮಾಧ್ಯಮದವರು ಹಿಂಜರಿಯುವುದುಂಟು. ಈ ಅಳುಕಿಗೆ ಆಧಾರವಿಲ್ಲವೆಂಬುದು ನಮ್ಮ ಅಭಿಪ್ರಾಯ.

1984ರಲ್ಲಿ ಆರಂಭವಾದ ಈ ಪರೀಕ್ಷೆಗೆ 2010ರಿಂದ ಐದು ದರ್ಜೆಗಳಿವೆ. ಎನ್-5 ಎಲ್ಲಕ್ಕಿಂತ ಸುಲಭ, ಎನ್-1 ಎಲ್ಲಕ್ಕಿಂತ ಕಠಿನ. ಬೆಂಗಳೂರಿನಲ್ಲೂ ಇದರ ಕೇಂದ್ರವಿದೆ. ಪ್ರಶ್ನೆಗಳು ಜಪಾನಿಯಲ್ಲೇ ಇರುತ್ತವೆ; ಇಂಗ್ಲಿಷಿಗೆ ಅನುವಾದಿಸೆಂದು ಯಾರೂ ಕೇಳುವುದಿಲ್ಲ. ಹಾಗಿರುವಾಗ ಇಂಗ್ಲಿಷ್ ಕೈಪಿಡಿಯ ಮೂಲಕವೇ ಹೋಗಬೇಕೆಂಬ ಹಟವೇಕೆ?

ಜಪಾನಿಯ ಕಾನಾ ಅಕ್ಷರಗಳ ಕ್ರಮವನ್ನೇ ನೋಡಿ. ಅ, ಇ, ಉ, ಎ, ಒ. ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧರ ಸಂಸ್ಕೃತ ವ್ಯಾಸಂಗದೊಡನೆ ಅಲ್ಲಿಗೆ ತಲುಪಿದ ನಮ್ಮ ವರ್ಣಮಾಲೆಯ ನೆರಳು ಅದು. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಹ್ರಸ್ವ ದೀರ್ಘಗಳನ್ನು ಕಾಗುಣಿತದಲ್ಲೇ ಕಲಿತವರಿಗೆ ಈ ಭೇದ ಒಡನೆ ತಿಳಿಯುತ್ತದೆ.

ವಾಕ್ಯರಚನೆಯೂ ಅಷ್ಟೆ. ‘ಮಿಜು ಒ ನೊಮಿಮಸು’ ಎಂದರೆ ‘ನೀರನ್ನು ಕುಡಿಯುತ್ತೇನೆ’. ‘ಮಿಜು’ ನೀರು, ‘ಒ’ ನಮ್ಮ ‘ಅನ್ನು’, ಕ್ರಿಯಾಪದ ಕೊನೆಗೆ. ‘ಟೋಕಿಯೋ ನಿ’ ಎಂದರೆ ‘ಟೋಕಿಯೋಗೆ’. ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ವಿವರಿಸಬೇಕಾದುದು ಕನ್ನಡದಲ್ಲಿ ಇದ್ದಂತೆಯೇ ಅರ್ಥವಾಗುತ್ತದೆ.

ಹಾಗೆಂದು ಎಲ್ಲವೂ ಸುಲಭವೆಂದು ನಾವು ಹೇಳುತ್ತಿಲ್ಲ. ‘ವ’ ಮತ್ತು ‘ಗ’ ಎಂಬ ಪ್ರತ್ಯಯಗಳಿಗೆ ಕನ್ನಡದಲ್ಲಿ ಸರಿಜೋಡಿಯಿಲ್ಲ. ಚೀನಾದಿಂದ ಬಂದ ಕಾಂಜಿ ಲಿಪಿಯಂತೂ ಬೆಟ್ಟ. ನಿತ್ಯ ಬಳಕೆಗೆಂದು ಅಲ್ಲಿನ ಸರಕಾರ ಗೊತ್ತುಪಡಿಸಿದ ಕಾಂಜಿಗಳೇ 2,136. ಎನ್-5ಕ್ಕೆ ಸುಮಾರು ನೂರು ಸಾಕೆನ್ನುವುದು ರೂಢಿ. ದಿನಕ್ಕೆರಡರಂತೆ ಬರೆದು ತಿದ್ದದೆ ಅವು ಮನಸ್ಸಿನಲ್ಲಿ ನಿಲ್ಲವು.

ಇನ್ನೊಂದು ಎಚ್ಚರಿಕೆ ಅಗತ್ಯ. ಎನ್-5ರಲ್ಲಿ 180 ಅಂಕಗಳಿಗೆ 80 ಬಂದರೆ ತೇರ್ಗಡೆ. ಆದರೆ ಕೇಳಿ ಅರ್ಥಮಾಡಿಕೊಳ್ಳುವ ಭಾಗದ 60ರಲ್ಲಿ 19 ಬಾರದಿದ್ದರೆ, ಉಳಿದದ್ದು ಎಷ್ಟಿದ್ದರೂ ಅನುತ್ತೀರ್ಣ. ನಮ್ಮ ಮಕ್ಕಳು ಪೇಟೆಯಲ್ಲಿ, ಬಸ್ಸಿನಲ್ಲಿ ಕಿವಿಯಿಂದಲೇ ಮಲಯಾಳ, ತುಳು ಕಲಿತವರು. ಜಪಾನಿಗೆ ಇಲ್ಲಿ ಪೇಟೆಯಿಲ್ಲ. ಧ್ವನಿಮುದ್ರಣಗಳನ್ನು ದಿನವೂ ಕೇಳಿ ಆ ಕೊರತೆ ತುಂಬಿಕೊಳ್ಳಬೇಕು. ಮಾತಾಡಿಸುವ ಪರೀಕ್ಷೆ ಇದರಲ್ಲಿಲ್ಲವೆಂದು ಬಾಯಿ ಮುಚ್ಚಿಕೊಂಡು ಕಲಿತರೆ, ಪ್ರಮಾಣಪತ್ರ ಕೈಸೇರಿದರೂ ಕೆಲಸದ ಜಾಗದಲ್ಲಿ ಮೂಕರಾಗಬೇಕಾದೀತು.

ಈ ಪರೀಕ್ಷೆ ದಾಟಿದ ಕನ್ನಡಿಗರಲ್ಲಿ ನಮ್ಮದೊಂದು ಬಿನ್ನಹ. ತಾವು ಕಲಿತುದನ್ನು ಸರಳ ಕನ್ನಡದಲ್ಲಿ ಬರೆದು ಅಚ್ಚು ಹಾಕಿಸಿರಿ. ಅಂತಹ ನಾಲ್ಕಾಣೆ ದಪ್ಪದ ಪುಸ್ತಕವೊಂದು ಗಡಿನಾಡಿನ ವಾಚನಾಲಯಗಳಿಗೆ ಬಂದರೂ ಸಾಕು, ಕನ್ನಡ ಶಾಲೆಯಲ್ಲಿ ಕಲಿತವನಿಗೆ ಹೊರಗಿನ ಲೋಕ ಮುಚ್ಚಿದೆಯೆಂಬ ಮಾತಿಗೆ ಅದೇ ಉತ್ತರವಾದೀತು.