ಹಸಿವು ಒಂದೇ, ತೆರೆದ ಬಾಗಿಲು ಬೇರೆ

ಬಡತನದ ಬಾಲ್ಯವನ್ನು ಹೇಳುವ ಆತ್ಮಕಥೆಯೊಂದರ ಬಗ್ಗೆ ನಮ್ಮ ಮನೆಗಳಲ್ಲಿ ಮಾತು ಬಂದರೆ ಅದು ಸಾಮಾನ್ಯವಾಗಿ ಎರಡು ವಾಕ್ಯಕ್ಕೆ ಮುಗಿದುಹೋಗುತ್ತದೆ. 'ಎಷ್ಟು ಕಷ್ಟಪಟ್ಟು ಮೇಲೆ ಬಂದಿದ್ದಾರೆ ನೋಡಿ' ಎಂಬುದು ಒಂದು. 'ನಮ್ಮ ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು' ಎಂಬುದು ಇನ್ನೊಂದು. ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಂತೂ ಈ ಎರಡನೆಯದು ಬಲು ಬೇಗ ಬಾಯಿಗೆ ಬರುತ್ತದೆ. ಈ ಊರು ಸೇರಿದ ಫೇರ್‌ಫ್ಯಾಕ್ಸ್ ಕೌಂಟಿ ಅಮೆರಿಕದ ಅತಿ ಸಿರಿವಂತ ಕೌಂಟಿಗಳಲ್ಲೊಂದು. ಇಲ್ಲಿ ನೆಲೆಸಿದ ಕನ್ನಡಿಗರು ಬೆಂಗಳೂರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಎಸ್.ಎಲ್. ಭೈರಪ್ಪನವರ 'ಭಿತ್ತಿ'ಯನ್ನೂ ಸಿದ್ದಲಿಂಗಯ್ಯನವರ 'ಊರುಕೇರಿ'ಯನ್ನೂ ಒಟ್ಟಿಗೆ ತಂದಿರಬಹುದು. ಎರಡನ್ನೂ ಒಂದೇ ಬಗೆಯ ಪುಸ್ತಕವೆಂದು ಓದಿ, ಒಂದೇ ಮಾತಿನಲ್ಲಿ ಮೆಚ್ಚಿ, ಕಪಾಟಿನಲ್ಲಿ ಇಡುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಭೈರಪ್ಪನವರು ಹುಟ್ಟಿದ್ದು 1931ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಪ್ಲೇಗು ಮನೆಯನ್ನೇ ಗುಡಿಸಿಹಾಕಿತು. ತಾಯಿ ಗೌರಮ್ಮ ಹೋದರು, ಒಡಹುಟ್ಟಿದವರು ಹೋದರು. ಹುಡುಗ ವಾರಾನ್ನ ಉಂಡು ಓದಿದ, ಊದುಬತ್ತಿ ಮಾರಿದ, ಟೆಂಟ್ ಸಿನಿಮಾದ ಬಾಗಿಲಲ್ಲಿ ನಿಂತ, ಮುಂಬಯಿಯ ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತ. ಸಿದ್ದಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ ಪುಸ್ತಕ ತೆರೆದ ಕೂಡಲೇ ಹೊಲವೊಂದರಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ. ಆ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಮುಂದೆ ಸಂಸಾರ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂತು. ಹುಡುಗ ಗೋಪಾಲಪುರದ ಹಾಸ್ಟೆಲ್ ಸೇರಿದ.

ಇಬ್ಬರ ಹೊಟ್ಟೆಯೂ ಸುಟ್ಟಿದೆ. ಯಾರ ಹಸಿವು ದೊಡ್ಡದು ಎಂದು ತೂಗಿ ನೋಡುವುದು ಅಸಭ್ಯ. ಆದರೆ ವಾರಾನ್ನವೆಂದರೆ ಏನು? ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೆ ಏಳು ಮನೆಗಳ ಅಡುಗೆಮನೆಗೆ ಹತ್ತಿರದಲ್ಲೇ ಎಲೆ ಹಾಕಿಸಿಕೊಳ್ಳುವ ಅವಕಾಶ. ಅವಮಾನ ಅದರಲ್ಲೂ ಉಂಟು, ಆ ಮಾತನ್ನು ಭೈರಪ್ಪನವರು ಮುಚ್ಚಿಡುವುದಿಲ್ಲ. ಆದರೆ ಅಂಥ ಏಳು ಬಾಗಿಲುಗಳಲ್ಲಿ ಒಂದೂ ಮಂಚನಬೆಲೆಯ ದಲಿತ ಕೇರಿಯ ಹುಡುಗನಿಗೆ ತೆರೆಯುವಂತಿರಲಿಲ್ಲ. ಅವನಿಗೆ ಸರ್ಕಾರ ಹಾಸ್ಟೆಲ್ ಕಟ್ಟಬೇಕಾಯಿತು. ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರಿಗೆ ಮೀಸಲಾತಿ ಸೂಚಿಸಿದ 1918ರ ಮಿಲ್ಲರ್ ಸಮಿತಿ ಬೇಕಾಯಿತು, ಅಂಬೇಡ್ಕರ್ ಬೇಕಾದರು. 'ಭಿತ್ತಿ' ಓದಿದವರು ಮೆಚ್ಚುವ ಆ ಛಲ ಸುಳ್ಳಲ್ಲ. ಛಲಕ್ಕೆ ಕೈಗೆಟುಕುವ ದೂರದಲ್ಲಿ ಏನಿತ್ತು ಎಂಬುದನ್ನೂ ಓದಬೇಕು, ಅಷ್ಟೆ.

ಇನ್ನೊಂದು ವ್ಯತ್ಯಾಸ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. 'ಭಿತ್ತಿ'ಯಲ್ಲಿ ಓದುಗನ ಸಿಟ್ಟು ಬಹುಪಾಲು ಹೊಣೆಗೇಡಿ ಅಪ್ಪನ ಮೇಲೆ ಹೋಗುತ್ತದೆ. ಅಪರಾಧಿ ಮನೆಯೊಳಗೇ ಸಿಕ್ಕಿಬಿಟ್ಟರೆ ಓದುಗ ನಿರಾಳ. ಅವನ ಮೇಲೆ ಯಾವ ಲೆಕ್ಕವೂ ಬರುವುದಿಲ್ಲ. 'ಊರುಕೇರಿ'ಯ ಅಪ್ಪ ನೊಗ ಹೊತ್ತವನು. ಅಲ್ಲಿ ಸಿಟ್ಟು ಮನೆಯಲ್ಲಿ ನಿಲ್ಲಲಾರದು, ಹೊಲದ ಒಡೆಯನ ಕಡೆಗೆ, ಊರಿನ ಕಡೆಗೆ ನಡೆಯಲೇಬೇಕು. ನಡೆದೂ ನಡೆದು ಅದು ಓದುಗನ ಅಜ್ಜನ ಜಗಲಿಗೂ ಬರಬಹುದು.

ಅಮೆರಿಕದ ಹೈಸ್ಕೂಲುಗಳಲ್ಲಿ ನಮ್ಮ ಮಕ್ಕಳ ಕೈಗೆ ಬರುವ ಜನಪ್ರಿಯ ಆತ್ಮಕಥೆ ಜೆನೆಟ್ ವಾಲ್ಸ್ ಅವರ 'ದಿ ಗ್ಲಾಸ್ ಕ್ಯಾಸಲ್' (2005). ಅಲ್ಲಿಯೂ ಅಪ್ಪ ಹೊಣೆಗೇಡಿ, ಕುಡುಕ ಬೇರೆ; ಅಮ್ಮನಿಗೆ ಚಿತ್ರಕಲೆಯ ಹುಚ್ಚು. ಮಗಳು ಶಾಲೆಯಲ್ಲಿ ಬೇರೆಯವರು ಎಸೆದ ಊಟವನ್ನು ಕಸದಿಂದ ಎತ್ತಿ ತಿನ್ನುತ್ತಾಳೆ. ತರಗತಿಯ ಚರ್ಚೆ ಸಹಜವಾಗಿಯೇ 'ಇಂಥ ತಂದೆತಾಯಿಯನ್ನು ಕ್ಷಮಿಸಬಹುದೇ' ಎಂಬಲ್ಲಿ ಸುತ್ತುತ್ತದೆ. ಆ ಕುಟುಂಬ ಬಂದು ಬಿದ್ದ ವೆಲ್ಚ್ ಎಂಬ ಊರು ಯಾವುದು ಎಂದು ಯಾರಾದರೂ ಕೇಳುತ್ತಾರೆಯೇ? ಅದು ನೆರೆಯ ವೆಸ್ಟ್ ವರ್ಜೀನಿಯಾದ ಮೆಕ್‌ಡವೆಲ್ ಕೌಂಟಿಯಲ್ಲಿದೆ. ಕಲ್ಲಿದ್ದಲಿನ ಊರು. 1950ರಲ್ಲಿ ಆ ಕೌಂಟಿಯ ಜನಸಂಖ್ಯೆ 99 ಸಾವಿರದ ಹತ್ತಿರವಿತ್ತು. ಗಣಿಗೆ ಯಂತ್ರಗಳು ಇಳಿದವು, ಕಂಪನಿಗಳು ಹೊರಟವು, 2020ರ ಜನಗಣತಿಯಲ್ಲಿ ಉಳಿದದ್ದು 19 ಸಾವಿರ. 1961ರಲ್ಲಿ ಕೆನೆಡಿ ಸರ್ಕಾರ ಬಡವರಿಗೆ ಆಹಾರ ಚೀಟಿ ಕೊಡುವ ಪ್ರಯೋಗ ಶುರುಮಾಡಿದಾಗ ಮೊದಲ ಚೀಟಿಗಳು ಕೈಸೇರಿದ್ದು ಇದೇ ಜಾಗದಲ್ಲಿ. ಕುಡುಕ ಅಪ್ಪನ ಹಿಂದೆ ಇಷ್ಟು ದೊಡ್ಡ ಊರೇ ಕುಸಿದು ಬಿದ್ದಿರುವಾಗ ಕ್ಷಮೆಯ ಪ್ರಶ್ನೆ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ.

ಪುಸ್ತಕಕ್ಕೆ ಹೇಗೆ ಪ್ರತಿಕ್ರಿಯಿಸಬೇಕು ಎಂಬುದಕ್ಕೆ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲೇ ಇದೆ, ನೂರು ವರ್ಷಕ್ಕೂ ಹಳೆಯದು. ಬುಕರ್ ಟಿ. ವಾಷಿಂಗ್ಟನ್ 1856ರಲ್ಲಿ ಇದೇ ವರ್ಜೀನಿಯಾದ ಫ್ರಾಂಕ್ಲಿನ್ ಕೌಂಟಿಯ ತೋಟವೊಂದರಲ್ಲಿ ಗುಲಾಮನಾಗಿ ಹುಟ್ಟಿದವರು. 1901ರಲ್ಲಿ ಬಂದ ಅವರ ಆತ್ಮಕಥೆ 'ಅಪ್ ಫ್ರಮ್ ಸ್ಲೇವರಿ'ಯಲ್ಲಿ ಮರೆಯಲಾಗದ ವಿವರವೊಂದಿದೆ. ಗುಲಾಮ ಮಕ್ಕಳಿಗೆ ಕೊಡುತ್ತಿದ್ದ ಅಗಸೆ ನಾರಿನ ಹೊಸ ಅಂಗಿ ಮೈಗೆ ಮುಳ್ಳಿನಂತೆ ಚುಚ್ಚುತ್ತಿತ್ತು; ಅಣ್ಣ ಜಾನ್ ಅದನ್ನು ಕೆಲವು ದಿನ ತಾನು ತೊಟ್ಟು ಮೆದು ಮಾಡಿಕೊಡುತ್ತಿದ್ದ. ಹುಡುಗ ಓದಲು ಹ್ಯಾಂಪ್ಟನ್‌ಗೆ ಹೊರಟು, ಕಾಸಿಲ್ಲದೆ ರಿಚ್ಮಂಡ್‌ನಲ್ಲಿ ಕಾಲುದಾರಿಯ ಹಲಗೆಯ ಕೆಳಗೆ ಮಲಗಿದ. ಶಾಲೆ ಅವನಿಗೆ ಕೊಟ್ಟ ಪ್ರವೇಶ ಪರೀಕ್ಷೆ ಒಂದು ಕೋಣೆ ಗುಡಿಸುವುದು. ಪುಸ್ತಕ ಯಾರ ಮೇಲೂ ಸಿಟ್ಟಾಗುವುದಿಲ್ಲ. ಬಿಳಿಯ ದಾನಿಗಳಿಗೆ ಅದು ಬಹಳ ಹಿಡಿಸಿತು. ವಾಷಿಂಗ್ಟನ್ ನಡೆಸುತ್ತಿದ್ದ ಟಸ್ಕೀಗಿ ಶಿಕ್ಷಣ ಸಂಸ್ಥೆಗೆ 1903ರಲ್ಲಿ ಆಂಡ್ರೂ ಕಾರ್ನೆಗಿ ಕೊಟ್ಟದ್ದು 6 ಲಕ್ಷ ಡಾಲರ್.

ಆಗ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡಬ್ಲ್ಯು.ಇ.ಬಿ. ಡುಬಾಯ್ಸ್ ಆ ಪುಸ್ತಕವನ್ನು 1901ರಲ್ಲೇ ವಿಮರ್ಶಿಸಿದರು. 1903ರ ತಮ್ಮ ಪುಸ್ತಕದಲ್ಲಿ ವಾದವನ್ನು ಬೆಳೆಸಿದರು. ವಾಷಿಂಗ್ಟನ್ ಅವರ ಏಳಿಗೆಯನ್ನು ಅವರು ಹೀಗಳೆಯಲಿಲ್ಲ. ಮತದಾನದ ಹಕ್ಕು, ನಾಗರಿಕ ಸಮಾನತೆ, ಉನ್ನತ ಶಿಕ್ಷಣ ಇವನ್ನೆಲ್ಲ ಬದಿಗಿಟ್ಟು 'ದುಡಿದು ಮೇಲೆ ಬನ್ನಿ' ಎಂದು ಹೇಳಿದರೆ ಹೊರೆ ಪೂರ್ತಿ ಕರಿಯರ ಬೆನ್ನಿಗೆ ಬೀಳುತ್ತದೆ, ದೇಶ ಕೈತೊಳೆದುಕೊಳ್ಳುತ್ತದೆ ಎಂದರು. ಬರೆದವನನ್ನು ಗೌರವಿಸುತ್ತಲೇ ಅವನ ಬದುಕಿನಿಂದ ಓದುಗರು ಎಳೆಯುವ ತೀರ್ಮಾನದೊಂದಿಗೆ ಜಗಳವಾಡುವುದು ಸಾಧ್ಯ. ಆತ್ಮಕಥೆಗೆ ಸಲ್ಲಿಸಬಹುದಾದ ದೊಡ್ಡ ಗೌರವವೂ ಅದೇ ಇರಬಹುದು.

ನಮ್ಮ ಕತೆಗಳಿಗೂ ಇದನ್ನು ಹಚ್ಚಿ ನೋಡೋಣ. ಸೆಂಟರ್‌ವಿಲ್‌ನಿಂದ ಅಟ್ಲಾಂಟಾದವರೆಗೆ, ಕೆರೊಲಿನಾಗಳ ಊರುಗಳಲ್ಲಿಯೂ, ಕನ್ನಡ ಕೂಟಗಳ ಊಟದ ಪಂಕ್ತಿಯಲ್ಲಿ ಒಂದು ತಲೆಮಾರು ತನ್ನ ಕಷ್ಟದ ದಿನಗಳನ್ನು ಹೇಳಿಕೊಳ್ಳುತ್ತದೆ. ಬರಿಗಾಲಲ್ಲಿ ನಡೆದ ಶಾಲೆ, ಸೀಮೆಎಣ್ಣೆ ಬುಡ್ಡಿ, ಅಣ್ಣನ ಹಳೇ ಪ್ಯಾಂಟು. ಎಲ್ಲವೂ ನಿಜ. ಅದೇ ಉಸಿರಿನಲ್ಲಿ ಬರಬೇಕಾದ ಸರ್ಕಾರಿ ಸೀಟು, ಕೈಗೆಟುಕುವ ಫೀಸು, ಜಾತಿಯ ಹಾಸ್ಟೆಲ್ಲು ಮಾತ್ರ ಯಾಕೋ ಬಿಟ್ಟುಹೋಗುತ್ತವೆ. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ; ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರ ಲೆಕ್ಕವೇ ಇಲ್ಲ. ಮಕ್ಕಳಿಗೆ ಕಷ್ಟ ಗೊತ್ತಿಲ್ಲ ಎಂದು ಕೊರಗುವವರು, ತಮ್ಮನ್ನು ಎತ್ತಿದ ಕೈಗಳನ್ನು ಮಕ್ಕಳಿಗೆ ಎಂದಾದರೂ ತೋರಿಸಿದ್ದಾರೆಯೇ?

ಮಕ್ಕಳಿಗೆ ಗೊತ್ತಿಲ್ಲ ಎಂಬುದೂ ಅರ್ಧ ನಿಜ. ಇದೇ ಸೆಂಟರ್‌ವಿಲ್‌ನಲ್ಲಿ ದಿನಗೂಲಿ ಕೆಲಸಕ್ಕೆ ರಸ್ತೆಬದಿಯಲ್ಲಿ ಕಾಯುತ್ತಿದ್ದವರಿಗಾಗಿ 2011ರ ಡಿಸೆಂಬರಿನಲ್ಲಿ ಒಂದು ಕಾರ್ಮಿಕ ಕೇಂದ್ರ ತೆರೆಯಿತು. ಅವರಲ್ಲಿ ಬಹಳ ಮಂದಿ ಗ್ವಾಟೆಮಾಲಾದ ಬೆಟ್ಟಗಳಿಂದ ಬಂದವರು; ಕೆಲವರ ಮನೆಮಾತು ಸ್ಪ್ಯಾನಿಷ್ ಕೂಡ ಅಲ್ಲ, ಮಾಯಾ ಬಳಗದ ಇಶೀಲ್. ಕೌಂಟಿಯ ಶಾಲೆಗಳಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳು ಹತ್ತಾರು ಸಾವಿರ. ಅಂದರೆ ಬಡತನದ ಬಾಲ್ಯ ಈ ಊರಿಗೆ ಪುಸ್ತಕದಿಂದ ಬರಬೇಕಾಗಿಲ್ಲ. ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂತಿದೆ. ಅದನ್ನು ಮಕ್ಕಳು ದಿನವೂ ನೋಡುತ್ತಾರೆ. ಅದರ ಬಗ್ಗೆ ಮಾತಾಡುವ ರೂಢಿ ಮನೆಯಲ್ಲಿಲ್ಲ.

ಕನಿಕರ ಮಾತ್ರ ಬೇಡ. 'ಊರುಕೇರಿ' ಅದನ್ನು ಹತ್ತಿರ ಬಿಟ್ಟುಕೊಳ್ಳುವುದೇ ಇಲ್ಲ. ಕಣ್ಣೊರೆಸಿಕೊಳ್ಳಲು ಸಿದ್ಧನಾಗಿ ಕೂತ ಓದುಗನನ್ನು ಸಿದ್ದಲಿಂಗಯ್ಯ ನಗಿಸಿಬಿಡುತ್ತಾರೆ. ಶ್ರೀರಾಮಪುರದ ಸ್ಮಶಾನ ಅವರಿಗೆ ಓದುವ ಕೋಣೆಯಾಗುತ್ತದೆ, ದೆವ್ವಗಳೂ ತಮಾಷೆಗೆ ವಸ್ತುವಾಗುತ್ತವೆ. ಬಡವರ ಈ ನಗುವಿಗಿರುವ ಶಕ್ತಿಯನ್ನು ಗುರುತಿಸಿ ಬರೆದವರು ವಿಮರ್ಶಕ ಡಿ.ಆರ್. ನಾಗರಾಜ್. ನಗುವವನ ಮುಂದೆ ಕನಿಕರ ಪಡುವವನ ಮುಖ ಪೆಚ್ಚಾಗುತ್ತದೆ. ಆ ಪೆಚ್ಚು ಒಳ್ಳೆಯದು.

ಕನ್ನಡ ಓದಲು ಬಾರದ ಇಲ್ಲಿನ ಮಕ್ಕಳಿಗೆ 'ಊರುಕೇರಿ'ಯ ಇಂಗ್ಲಿಷ್ ಅನುವಾದ ಸಿಗುತ್ತದೆ, ನವಯಾನ 2013ರಲ್ಲಿ ಹೊರತಂದದ್ದು. ಅರವಿಂದ ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ'ವೂ ಇಂಗ್ಲಿಷಿನಲ್ಲಿದೆ. 'ಗ್ಲಾಸ್ ಕ್ಯಾಸಲ್' ಮೇಲೆ ಪ್ರಬಂಧ ಬರೆಯಬೇಕಾದ ಮಗುವಿಗೆ ಜೊತೆಯಲ್ಲಿ ಇವುಗಳಲ್ಲಿ ಒಂದನ್ನು ಕೊಟ್ಟು, ಎರಡು ಪುಸ್ತಕಗಳ ಅಪ್ಪಂದಿರನ್ನು ಹೋಲಿಸು ಎನ್ನಿ. ತಾತನ ಮನೆಯ ಜಮೀನನ್ನು ಯಾರು ಉಳುತ್ತಿದ್ದರು ಎಂದು ಅದು ತಿರುಗಿ ಕೇಳಿದರೆ, ಉತ್ತರಕ್ಕೆ ಊರಿಗೆ ಫೋನು ಮಾಡಬೇಕಾಗಬಹುದು.