ಬೋರ್‌ವೆಲ್‌ ಕೊರೆದರೆ ಭೂಕಂಪ ಆಗುತ್ತದೆಯೇ? ಅಂತರ್ಜಲಕ್ಕೂ ಭೂಕಂಪಕ್ಕೂ ಇರುವ ನಿಜವಾದ ನಂಟು

ಭೂಮಿ ಒಮ್ಮೆ ಸಣ್ಣಗೆ ಅಲುಗಿದರೆ ಸಾಕು, ಅರ್ಧ ಗಂಟೆಯೊಳಗೆ ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ ಮೂರು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘ಬೋರ್‌ವೆಲ್‌ ಕೊರೆದು ಕೊರೆದು ಭೂಮಿಯನ್ನು ಟೊಳ್ಳು ಮಾಡಿದ್ದೇವೆ, ಅದಕ್ಕೇ ನಡುಗುತ್ತಿದೆ’ ಎನ್ನುತ್ತದೆ ಒಂದು. ‘ಬಾವಿಯ ನೀರು ಇದ್ದಕ್ಕಿದ್ದಂತೆ ಏರಿದರೆ ದೊಡ್ಡ ಭೂಕಂಪ ಖಚಿತ, ಎಲ್ಲರಿಗೂ ತಿಳಿಸಿ’ ಎನ್ನುತ್ತದೆ ಇನ್ನೊಂದು. ‘ನೀರಿಗೂ ಭೂಕಂಪಕ್ಕೂ ಸಂಬಂಧವೇ ಇಲ್ಲ’ ಎಂಬುದು ಮೂರನೆಯದು.

ಈ ಮೂರೂ ಸರಿಯಲ್ಲ. ನೀರಿಗೂ ಭೂಕಂಪಕ್ಕೂ ಸಂಬಂಧವಿದೆ, ಅದೂ ಎರಡೂ ದಿಕ್ಕಿನಲ್ಲಿ. ಆದರೆ ಅದು ಫಾರ್ವರ್ಡ್‌ಗಳು ಹೇಳುವಂಥ ಸಂಬಂಧವಲ್ಲ. ಹೇಗೆ ಎಂದು ನೋಡೋಣ.

ನೀರು ಬಂಡೆಯನ್ನು ಜಾರಿಸುವುದು ಹೇಗೆ?

ತೊಳೆದ ಬಿಸಿ ಲೋಟವನ್ನು ಒದ್ದೆಯಾದ ಅಡುಗೆ ಕಟ್ಟೆಯ ಮೇಲೆ ಬೋರಲು ಹಾಕಿದಾಗ, ಅದು ಒಮ್ಮೊಮ್ಮೆ ತಾನಾಗಿಯೇ ಜಾರುವುದನ್ನು ನೀವು ನೋಡಿರಬಹುದು. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಯಾಗಿ ಹಿಗ್ಗಿ ಲೋಟವನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಲೋಟದ ಹಿಡಿತ ಸಡಿಲವಾಗುತ್ತದೆ, ಕಟ್ಟೆ ಕೊಂಚ ಇಳಿಜಾರಾಗಿದ್ದರೂ ಅದು ಸರಿಯುತ್ತದೆ.

ಭೂಮಿಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ನೆಲದಾಳದ ಬಂಡೆಗಳಲ್ಲಿ ಹಳೆಯ ಬಿರುಕುಗಳಿರುತ್ತವೆ. ಬಿರುಕಿನ ಎರಡು ಬದಿಗಳನ್ನು ಮೇಲಿನ ಭಾರ ಒತ್ತಿ ಹಿಡಿದಿರುತ್ತದೆ. ಅದೇ ಹೊತ್ತಿಗೆ ಭೂಫಲಕಗಳ ಚಲನೆಯಿಂದ ಬಂದ ಒತ್ತಡ ಅವನ್ನು ಜಾರಿಸಲು ನೋಡುತ್ತಿರುತ್ತದೆ. ಬಿರುಕಿನೊಳಗೆ ನೀರಿನ ಒತ್ತಡ ಹೆಚ್ಚಾದರೆ ಎರಡೂ ಬದಿ ತುಸು ದೂರ ಸರಿದು ಹಿಡಿತ ಕಡಿಮೆಯಾಗುತ್ತದೆ. ಮೊದಲೇ ಜಾರುವ ಅಂಚಿನಲ್ಲಿದ್ದ ಬಂಡೆ ಆಗ ಜಾರಿಬಿಡುತ್ತದೆ.

ಅಂದರೆ ಭೂಕಂಪದ ಶಕ್ತಿ ನೀರಿನದ್ದಲ್ಲ. ಆ ಶಕ್ತಿ ಬಂಡೆಯಲ್ಲಿ ಬಹಳ ಕಾಲದಿಂದ ಕೂಡಿಟ್ಟದ್ದು. ನೀರು ಬಾಗಿಲಿನ ಚಿಲಕ ತೆಗೆಯುತ್ತದೆ, ಅಷ್ಟೇ.

ಇದಕ್ಕೆ ಪುರಾವೆ ಏನಿದೆ?

ಅಮೆರಿಕದ ಡೆನ್ವರ್ ನಗರದ ಬಳಿ 1962ರಲ್ಲಿ ಸೇನೆಯ ರಾಸಾಯನಿಕ ಘಟಕವೊಂದು ತನ್ನ ತ್ಯಾಜ್ಯ ನೀರನ್ನು ಸುಮಾರು 3.7 ಕಿ.ಮೀ. ಆಳದ ಬಾವಿಗೆ ಪಂಪ್ ಮಾಡತೊಡಗಿತು. ಕೆಲವೇ ವಾರಗಳಲ್ಲಿ ಆ ಪ್ರದೇಶದಲ್ಲಿ ಸಣ್ಣ ಕಂಪನಗಳು ಶುರುವಾದವು. 1966ರಲ್ಲಿ ಪಂಪ್ ಮಾಡುವುದನ್ನು ನಿಲ್ಲಿಸಿದರು. ಆದರೂ ಅಲ್ಲಿನ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಒಳಗೆ ತುಂಬಿದ ಒತ್ತಡ ಬಿರುಕುಗಳಲ್ಲಿ ನಿಧಾನವಾಗಿ ಹರಡುತ್ತಲೇ ಇತ್ತು.

ನಮ್ಮ ಪಕ್ಕದಲ್ಲೇ ಇನ್ನೂ ದೊಡ್ಡ ಉದಾಹರಣೆ ಇದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ ಅಣೆಕಟ್ಟು ಕಟ್ಟಿ ನೀರು ತುಂಬಿಸಲು ಆರಂಭಿಸಿದ ಮೇಲೆ ಕಂಪನಗಳು ಹೆಚ್ಚಾದವು. 1967ರ ಡಿಸೆಂಬರ್‌ನಲ್ಲಿ 6.3 ತೀವ್ರತೆಯ ಭೂಕಂಪವಾಗಿ ಸುಮಾರು 200 ಜನ ಸತ್ತರು. ಜಲಾಶಯದ ಭಾರ ಮತ್ತು ಬಿರುಕುಗಳಿಗೆ ಇಳಿದ ನೀರಿನ ಒತ್ತಡ ಎರಡೂ ಸೇರಿ ಇದನ್ನು ಪ್ರಚೋದಿಸಿದವು ಎಂಬುದು ವಿಜ್ಞಾನಿಗಳ ವಿವರಣೆ. ಅಲ್ಲಿ ಇಂದಿಗೂ ಸಣ್ಣ ಕಂಪನಗಳು ಆಗುತ್ತಿರುತ್ತವೆ. ಅದನ್ನು ಅರಿಯಲೆಂದೇ ಆ ಪ್ರದೇಶದಲ್ಲಿ 3 ಕಿ.ಮೀ. ಆಳದ ಸಂಶೋಧನಾ ಬಾವಿ ಕೊರೆಯಲಾಗಿದೆ.

ಮಳೆ ಜೋರಾದರೆ?

2021ರ ಮಳೆಗಾಲ ಮತ್ತು ಅದರ ಬೆನ್ನಿಗೆ ಕಲಬುರಗಿ ಜಿಲ್ಲೆಯ ಗಡಿಕೇಶ್ವರ, ವಿಜಯಪುರ, ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಸುತ್ತಮುತ್ತ ನೆಲ ಪದೇ ಪದೇ ನಡುಗಿತು, ಭೂಮಿಯೊಳಗಿಂದ ಸದ್ದು ಕೇಳಿಸಿತು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಸುಮಾರು 10,000 ಜನ ಸತ್ತದ್ದನ್ನು ಕಲಬುರಗಿ, ಬೀದರ್ ಕಡೆಯವರು ಮರೆತಿಲ್ಲ. ಹಾಗಾಗಿ ಎಷ್ಟೋ ಕುಟುಂಬಗಳು ಹೆದರಿ ರಾತ್ರಿಯನ್ನು ಮನೆಯ ಹೊರಗೆ ಕಳೆದವು. ಆ ಹೆದರಿಕೆಯನ್ನು ನಾವು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ.

ಭೂಕಂಪ ತಜ್ಞರು ಇದಕ್ಕೆ ಕೊಟ್ಟ ವಿವರಣೆ ‘ಹೈಡ್ರೋ ಸೀಸ್ಮಿಸಿಟಿ’, ಅಂದರೆ ಜಲಪ್ರೇರಿತ ಕಂಪನ. ಭಾರಿ ಮಳೆಯ ನೀರು ಬಿರುಕುಗಳ ಮೂಲಕ ಇಳಿದು ಒಳಗಿನ ಒತ್ತಡ ಬದಲಾದಾಗ ಸಣ್ಣ ಸಣ್ಣ ಜಾರುವಿಕೆಗಳು ಆಗುತ್ತವೆ. ಇವು ನೆಲಕ್ಕೆ ಹತ್ತಿರದಲ್ಲೇ ಆಗುವುದರಿಂದ ತೀವ್ರತೆ ಕಡಿಮೆ ಇದ್ದರೂ ಸದ್ದು ಜೋರಾಗಿ ಕೇಳುತ್ತದೆ. ಸದ್ದು ದೊಡ್ಡದು ಎಂದ ಮಾತ್ರಕ್ಕೆ ಭೂಕಂಪವೂ ದೊಡ್ಡದಲ್ಲ.

ಹಾಗಾದರೆ ಬೋರ್‌ವೆಲ್‌ ತಪ್ಪಿತಸ್ಥನೇ?

ಬೋರ್‌ವೆಲ್‌ ಎಂದರೆ ಕೆಲವೇ ಇಂಚು ಅಗಲದ ರಂಧ್ರ. 1,500 ಅಡಿ ಕೊರೆದರೂ ಅದು ಅರ್ಧ ಕಿ.ಮೀ.ಗಿಂತ ಕಡಿಮೆ. ಹಾನಿ ಮಾಡುವಂಥ ಭೂಕಂಪಗಳು ಸಾಮಾನ್ಯವಾಗಿ ಹುಟ್ಟುವುದು ಹಲವು ಕಿ.ಮೀ. ಆಳದಲ್ಲಿ. ಇನ್ನು ‘ಟೊಳ್ಳು’ ಎಂಬ ಮಾತು. ನಮ್ಮ ಗಟ್ಟಿ ಬಂಡೆಯ ಪ್ರದೇಶದಲ್ಲಿ ಅಂತರ್ಜಲ ಇರುವುದು ಕೆರೆಯಂತೆ ಅಲ್ಲ, ಬಂಡೆಯ ಸಣ್ಣ ಸಂದುಗಳಲ್ಲಿ. ನೀರು ತೆಗೆದರೂ ಬಂಡೆ ಅಲ್ಲೇ ನಿಂತಿರುತ್ತದೆ.

ಹಾಗೆಂದು ನೀರೆತ್ತುವುದಕ್ಕೂ ಭೂಕಂಪಕ್ಕೂ ಎಲ್ಲಿಯೂ ಸಂಬಂಧವಿಲ್ಲ ಎನ್ನಲಾಗದು. ಸ್ಪೇನ್‌ನ ಲೋರ್ಕಾ ಪಟ್ಟಣದಲ್ಲಿ 2011ರ ಮೇ ತಿಂಗಳಲ್ಲಿ 5.1 ತೀವ್ರತೆಯ ಭೂಕಂಪವಾಗಿ 9 ಜನ ಸತ್ತರು. ಅಲ್ಲಿ 50 ವರ್ಷಗಳಲ್ಲಿ ಅಂತರ್ಜಲ ಮಟ್ಟ ಸುಮಾರು 250 ಮೀಟರ್ ಕುಸಿದಿತ್ತು. ಅಷ್ಟು ನೀರಿನ ಭಾರ ಇಳಿದದ್ದು ಪಕ್ಕದ ಬಿರುಕಿನ ಮೇಲೆ ಪರಿಣಾಮ ಬೀರಿರಬಹುದು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೆ ಇದು ಜಾರಲು ಸಿದ್ಧವಾಗಿದ್ದ ಬಿರುಕಿನ ಪಕ್ಕದಲ್ಲೇ, ಇಡೀ ಕಣಿವೆಯ ನೀರನ್ನು ದಶಕಗಟ್ಟಲೆ ಎತ್ತಿದ ಕಥೆ. ಒಬ್ಬ ರೈತನ ಬೋರ್‌ವೆಲ್‌ ಕಥೆಯಲ್ಲ. ಅಂತರ್ಜಲ ಉಳಿಸಬೇಕಾದದ್ದು ನಿಜ. ಅದಕ್ಕೆ ಕುಡಿಯುವ ನೀರಿನ ಕಾರಣವೊಂದೇ ಸಾಕು, ಭೂಕಂಪದ ಸುಳ್ಳು ಬೇಕಿಲ್ಲ.

ಭೂಕಂಪದಿಂದ ಬಾವಿಗೆ ಏನಾಗುತ್ತದೆ?

ಈಗ ತಿರುಗು ದಿಕ್ಕು. ಭೂಕಂಪದ ಅಲೆಗಳು ಬಂಡೆಯನ್ನು ಸ್ಪಂಜಿನಂತೆ ಹಿಂಡಿ ಬಿಡುತ್ತವೆ. 2004ರ ಸುಮಾತ್ರಾ ಭೂಕಂಪವಾದಾಗ ಭೂಗೋಳದ ಇನ್ನೊಂದು ಬದಿಯ ಅಮೆರಿಕದ ವರ್ಜೀನಿಯಾದ ಬಾವಿಯೊಂದರಲ್ಲಿ ನೀರು ಸುಮಾರು 3 ಅಡಿ ಏರಿಳಿಯಿತು. 2001ರ ಭುಜ್ ಭೂಕಂಪದಲ್ಲಿ ಕಛ್‌ನ ರಣದಲ್ಲಿ ನೆಲದಿಂದ ನೀರು, ಮರಳು ಚಿಮ್ಮಿತು. ಬತ್ತಿದ ಪುರಾತನ ನದಿ ಮತ್ತೆ ಹುಟ್ಟಿತು ಎಂಬ ಸುದ್ದಿಯೂ ಹಬ್ಬಿತು. ಅದು ನದಿಯಲ್ಲ. ನೀರು ತುಂಬಿದ ಸಡಿಲ ಮರಳು ಅಲುಗಾಟಕ್ಕೆ ದ್ರವದಂತಾಗಿ ಮೇಲೆ ಬಂದದ್ದು.

ಬಾವಿ ನೋಡಿ ಭೂಕಂಪ ಹೇಳಬಹುದೇ?

ಚೀನಾದಲ್ಲಿ 1975ರ ಹೈಚೆಂಗ್ ಭೂಕಂಪಕ್ಕೆ ಮೊದಲು ಬಾವಿ ನೀರಿನ ಬದಲಾವಣೆ, ಪೂರ್ವಕಂಪನಗಳು ಮುಂತಾದವನ್ನು ಗಮನಿಸಿ ಜನರನ್ನು ತೆರವು ಮಾಡಿದ್ದರು, ಬಹಳ ಜೀವ ಉಳಿಯಿತು. ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ. ಮರುವರ್ಷವೇ ತಾಂಗ್‌ಶಾನ್‌ನಲ್ಲಿ ಅಂಥ ಎಚ್ಚರಿಕೆ ಸಿಗಲಿಲ್ಲ, ಅಧಿಕೃತ ಲೆಕ್ಕದಲ್ಲೇ 2,42,000 ಜನ ಸತ್ತರು.

ಬಾವಿಯ ನೀರು ಏರಿಳಿಯಲು ಮಳೆ, ಪಕ್ಕದ ತೋಟದ ಪಂಪ್, ವಾಯುಭಾರ ಹೀಗೆ ಹತ್ತು ಕಾರಣಗಳಿವೆ. ಭೂಕಂಪದ ದಿನ, ಸ್ಥಳ, ತೀವ್ರತೆ ಮೂರನ್ನೂ ಮೊದಲೇ ಹೇಳುವ ವಿಧಾನ ಇಂದಿಗೂ ಯಾರ ಬಳಿಯೂ ಇಲ್ಲ. ‘ಇಂದು ರಾತ್ರಿ 2 ಗಂಟೆಗೆ ಭೂಕಂಪ’ ಎಂಬ ಸಂದೇಶ ಯಾರ ಹೆಸರಿನಲ್ಲಿ ಬಂದರೂ ಸುಳ್ಳೇ.

ನಾವೇನು ಮಾಡಬೇಕು?

- ನಡುಕದ ಸುದ್ದಿ ಬಂದಾಗ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ಮಾಹಿತಿ ನೋಡಿ, ಆಮೇಲೆ ಹಂಚಿ.
- ನಡುಕದ ನಂತರ ಬಾವಿ, ಬೋರ್‌ವೆಲ್‌ ನೀರು ಕದಡಿದ್ದರೆ, ಬಣ್ಣ, ವಾಸನೆ ಬದಲಾಗಿದ್ದರೆ ಪರೀಕ್ಷೆ ಆಗುವವರೆಗೆ ಕುಡಿಯಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಕರಗಿದ ರಾಸಾಯನಿಕ ಹೋಗುವುದಿಲ್ಲ.
- ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಪಂಚಾಯಿತಿಗೆ ತಿಳಿಸಿ. ಭೂಕಂಪದಲ್ಲಿ ಹೆಚ್ಚು ಜೀವ ತೆಗೆಯುವುದು ನೆಲವಲ್ಲ, ಕುಸಿಯುವ ಮನೆ. ಕಿಲ್ಲಾರಿಯಲ್ಲಿ ಭಾರವಾದ ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಸಿಕ್ಕವರೇ ಹೆಚ್ಚು.

ನಿಮ್ಮ ಗುಂಪಿಗೆ ಏನಾದರೂ ಕಳುಹಿಸಲೇಬೇಕೆಂದಿದ್ದರೆ ಬಾವಿಯ ವಿಡಿಯೊ ಬದಲು ಈ ಮೂರು ಅಂಶಗಳನ್ನು ಕಳುಹಿಸಿ.